ಪ್ರೋಟೀನ್ ಪುಡಿಗೊಂದು ಮುಹೂರ್ತ

ಗೃಹಪ್ರವೇಶದ ಮುಹೂರ್ತ ಹತ್ತು ನಿಮಿಷ ಆಚೀಚೆ ಆದರೆ ಪುರೋಹಿತರೇ ಏನಾದರೊಂದು ಪರಿಹಾರ ಹೇಳಿ ಸುಧಾರಿಸುತ್ತಾರೆ. ಜಿಮ್ಮಿನಲ್ಲಿ ಆ ದಾಕ್ಷಿಣ್ಯ ಇಲ್ಲ. ಕೊನೆಯ ಡೆಡ್‌ಲಿಫ್ಟ್ ಮುಗಿದ ಮೂವತ್ತು ನಿಮಿಷದೊಳಗೆ ವೇ ಅನ್ನುವ ಹಾಲಿನ ಪ್ರೋಟೀನ್ ಪುಡಿ ಹೊಟ್ಟೆಗೆ ಬೀಳಲೇಬೇಕು. ತಪ್ಪಿದರೆ ಸುರಿಸಿದ ಬೆವರೆಲ್ಲ ದಂಡ. ಇದರ ಹೆಸರು ಅನಾಬಾಲಿಕ್ ವಿಂಡೋ, ಅಂದರೆ ಸ್ನಾಯು ಬೆಳೆಯಲು ತೆರೆದಿರುವ ಕಿಟಕಿ. ರಾಹುಕಾಲ ನಂಬದವರೂ ಇದನ್ನು ನಂಬುತ್ತಾರೆ.

ಬೆಂಗಳೂರಿನ ಯಾವುದಾದರೂ ಬಡಾವಣೆಯ ಜಿಮ್ಮಿಗೆ ಸಂಜೆ ಏಳಕ್ಕೆ ಹೋಗಿ ನೋಡಿ. ಬಾರ್ಬೆಲ್ ಕೆಳಗಿಟ್ಟವನು ಪ್ಲೇಟುಗಳನ್ನು ಬಿಚ್ಚಿ ಸ್ಟ್ಯಾಂಡಿಗೆ ಹಾಕಲ್ಲ, ಬೆಂಚಿನ ಮೇಲಿನ ಬೆವರು ಒರೆಸಲ್ಲ. ಪುರುಸೊತ್ತೆಲ್ಲಿದೆ? ಸೀದಾ ಲಾಕರ್ ಕಡೆ ಓಟ. ಶೇಕರಿನೊಳಗೆ ಸ್ಪ್ರಿಂಗ್ ಉಂಡೆ ಗಲಗಲ ಅನ್ನುತ್ತದೆ. ಪುಡಿ ಇನ್ನೂ ಗಂಟುಗಂಟಾಗಿದ್ದರೂ ಗಟಗಟ ಇಳಿಯುತ್ತದೆ. ಟ್ರೆಡ್‌ಮಿಲ್ ಹತ್ತು ಅಂದರೆ ಮಂಡಿನೋವು ಅನ್ನುವವರು ಆ ಲಾಕರ್‌ವರೆಗೆ ಓಡುವ ಚಂದ ನೋಡಬೇಕು.

ಸುಮ್ನೆ ಹುಟ್ಟಿದ ನಂಬಿಕೆ ಅಲ್ಲ ಇದು, ಆಧಾರವೂ ಇದೆ. 2001ರಲ್ಲಿ ಡೆನ್ಮಾರ್ಕಿನಲ್ಲಿ ಸರಾಸರಿ 74 ವಯಸ್ಸಿನ 13 ಅಜ್ಜಂದಿರಿಗೆ 12 ವಾರ ಭಾರ ಎತ್ತಿಸಿದರು. ಕೆಲವರಿಗೆ ವ್ಯಾಯಾಮ ಮುಗಿದ ತಕ್ಷಣ ಪ್ರೋಟೀನ್, ಉಳಿದವರಿಗೆ ಎರಡು ಗಂಟೆ ಬಿಟ್ಟು. ತಕ್ಷಣ ಕುಡಿದವರ ಸ್ನಾಯು ಬೆಳೆಯಿತು, ತಡವಾಗಿ ಕುಡಿದವರದು ಬೆಳೆಯಲಿಲ್ಲ. ಸರಿ, ಹದಿಮೂರು ಅಜ್ಜಂದಿರ ಲೆಕ್ಕ ಇಪ್ಪತ್ತೆರಡರ ಹುಡುಗರಿಗೆ ವೇದವಾಯಿತು. ಮನೆಯಲ್ಲಿರುವ ಅಜ್ಜ ಹೇಳಿದ ಒಂದು ಮಾತನ್ನೂ ಇವರು ಕೇಳಿದವರಲ್ಲ!

ಆಮೇಲೆ 2013ರಲ್ಲಿ ಶೋನ್‌ಫೆಲ್ಡ್, ಆರಗಾನ್, ಕ್ರೀಗರ್ ಎಂಬ ಮೂವರು ಸಂಶೋಧಕರು ಅಲ್ಲಿವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ದಿನಕ್ಕೆ ಒಟ್ಟು ಎಷ್ಟು ಪ್ರೋಟೀನ್ ತಿಂದರು ಅನ್ನುವುದನ್ನು ಲೆಕ್ಕಕ್ಕೆ ತಗೊಂಡ ಕೂಡಲೇ ಹೊತ್ತಿನ ಮಹಿಮೆ ಮಾಯವಾಯಿತು. ವ್ಯಾಯಾಮದ ಪರಿಣಾಮ ಸ್ನಾಯುಗಳಲ್ಲಿ ಒಂದು ದಿನವಾದರೂ ಉಳಿಯುತ್ತದೆ ಅಂತ 2017ರಲ್ಲಿ ಕ್ರೀಡಾ ಪೋಷಣೆಯ ಅಂತರರಾಷ್ಟ್ರೀಯ ಸಂಘವೂ ಹೇಳಿತು. ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿದ್ದು ಭಾರ ಎತ್ತಿದವರು ಬೇಗ ಏನಾದರೂ ತಿನ್ನುವುದು ಒಳ್ಳೆಯದೇ. ಮಧ್ಯಾಹ್ನ ಊಟ ಮಾಡಿ ಸಂಜೆ ಬಂದವನಿಗೆ ಏನು ಗಡಿಬಿಡಿ?

ಗಡಿಯಾರ ನೋಡುವವರು ತಟ್ಟೆ ನೋಡುವುದಿಲ್ಲ ಅನ್ನುವುದೇ ನನ್ನ ತಕರಾರು. ಭಾರ ಎತ್ತುವವರಿಗೆ ದೇಹತೂಕದ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಅನ್ನುತ್ತಾರೆ. ಅಂದರೆ 70 ಕೆಜಿ ಆಸಾಮಿಗೆ ದಿನಕ್ಕೆ 112 ಗ್ರಾಂ. ಪುಡಿಯ ಒಂದು ಸ್ಕೂಪಿನಲ್ಲಿ ಸಿಗುವುದು ಹೆಚ್ಚುಕಮ್ಮಿ 24. ಉಳಿದದ್ದು? ಬೆಳಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಪುಳಿಯೋಗರೆ. ಮನೆಯಲ್ಲಿ ಹುರುಳಿಕಾಳಿನ ಪಲ್ಯ ಮಾಡಿದ್ದರೆ ಅದನ್ನು ಬದಿಗೆ ಸರಿಸಿ ಏಳುತ್ತಾನೆ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ ಮಾರಾಯ! ಅದಕ್ಕೆ ಡಬ್ಬ ಇಲ್ಲ, ಡಬ್ಬದ ಮೇಲೆ ತೋಳು ಉಬ್ಬಿಸಿದ ಗಂಡಸಿನ ಚಿತ್ರ ಇಲ್ಲ, ಅಷ್ಟೇ. ಇನ್ನು ಆ ವೇ ಅನ್ನುವುದು ಚೀಸ್ ಮಾಡುವಾಗ ಉಳಿಯುವ ತಿಳಿನೀರಿನಿಂದ ಬಂದದ್ದು. ಮನೆಯಲ್ಲಿ ಪನೀರ್ ಮಾಡಿದಾಗ ಅಂಥದ್ದೇ ನೀರನ್ನು ಅಮ್ಮ ಚಪಾತಿ ಹಿಟ್ಟಿಗೆ ಹಾಕಿದರೆ ಮೂಗು ಮುರಿಯುತ್ತಾರೆ.

ಇಷ್ಟೆಲ್ಲ ಗೊತ್ತಾದರೆ ಪುಡಿ ಮಾರುವವರು ಕಂಗಾಲಾಗುತ್ತಾರೆ ಅಂದುಕೊಂಡಿರಾ? ಅವರು ಆಗಲೇ ವ್ಯಾಯಾಮಕ್ಕೆ ಮುಂಚೆ ಒಂದು, ನಡುವೆ ಒಂದು, ಆಮೇಲೆ ಒಂದು, ಮಲಗುವಾಗ ಕೇಸೀನ್ ಅಂತ ಹಾಲಿನದೇ ಇನ್ನೊಂದು ಪ್ರೋಟೀನ್ ಇಟ್ಟುಕೊಂಡು ಕೂತಿದ್ದಾರೆ. ಹೊತ್ತು ಮುಖ್ಯ ಅಲ್ಲವಂತೆ, ಇಡೀ ದಿನದ ಲೆಕ್ಕವಂತೆ ಅಂತ ಹೇಳಿ ನೋಡಿ.

"ಅದನ್ನೇ ನಾನೂ ಹೇಳೋದು ಸಾರ್. ಇಡೀ ದಿನಕ್ಕೆ ಒಂದು ಕೆಜಿ ಡಬ್ಬ ಎಲ್ಲಿ ಸಾಲುತ್ತೆ? ಐದು ಕೆಜಿದು ತಗೊಳ್ಳಿ, ಶೇಕರ್ ಫ್ರೀ."