ಗೇಮ್ ಶುರುವಾಗುವ ಮುಂಚಿನ ಇಪ್ಪತ್ತು ನಿಮಿಷ

ಕಳೆದ ದಸರಾ ರಜೆಗೆ ಅಕ್ಕನ ಮಗ ಮನೆಗೆ ಬಂದಿದ್ದ. ಹತ್ತು ವರ್ಷದ ಹುಡುಗ. "ಮಾಮ, ದೊಡ್ಡ ಟಿವೀಲಿ ಇಬ್ರೂ ಆಡೋಣ" ಅಂದ. ಅದಕ್ಕೇನಂತೆ ಅಂತ ರೂಮಿನಲ್ಲಿದ್ದ ಪಿಸಿ ಎತ್ತಿಕೊಂಡು ಬಂದು ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟೆ. ಎಚ್‌ಡಿಎಂಐ ಕೇಬಲ್ ಚುಚ್ಚಿದೆ. ರಿಮೋಟ್ ಹುಡುಕಿ ಸೋರ್ಸ್ ಬದಲಿಸಿದೆ. ವಿಂಡೋಸ್ ಬಂತು, ಪಿನ್ ಕೇಳಿತು, ವೈರ್‌ಲೆಸ್ ಕೀಬೋರ್ಡಿನ ಸೆಲ್ ಸತ್ತಿತ್ತು. ಮನೆಯಲ್ಲಿ ಬೇರೆ ಸೆಲ್ ಇಲ್ಲ, ಗೋಡೆ ಗಡಿಯಾರದ ಸೆಲ್ ಕಿತ್ತು ಹಾಕಿದೆ. ಪಿನ್ ಹೊಡೆದೆ. ಈಗ ಚಿತ್ರ ಟಿವಿಯಲ್ಲಿ ಬರುತ್ತಿದೆ, ಸೌಂಡ್ ಮಾತ್ರ ಎಲ್ಲೂ ಇಲ್ಲ. ಅದನ್ನು ಸರಿ ಮಾಡಲು ಸೆಟ್ಟಿಂಗ್ಸ್‌ಗೆ ಹೋದರೆ ಅಕ್ಷರ ಇರುವೆ ಸಾಲಿನ ಥರ ಕಾಣುತ್ತಿದೆ, ಸೋಫಾದಿಂದ ಎದ್ದು ಟಿವಿಗೆ ಮೂಗು ತಾಗಿಸಿ ಓದಬೇಕು. ಅದೂ ಆಯ್ತು. ಗೇಮ್ ಒತ್ತಿದೆ. ಗೇಮ್ ಬರಲಿಲ್ಲ, ಅದರ ಕಂಪನಿಯ ಲಾಂಚರ್ ಬಂತು. ಅದು ಲಾಗಿನ್ ಕೇಳಿತು. ಕೋಡ್ ಇಮೇಲ್‌ಗೆ ಹೋಯಿತು. ಇಮೇಲ್ ಇರುವ ಫೋನ್ ಹುಡುಗನ ಕೈಯಲ್ಲಿತ್ತು.

"ಮಾಮ, ಆಯ್ತಾ?" ಅಂತ ಮೂರು ಸಲ ಕೇಳಿದ. ನಾಲ್ಕನೇ ಸಲ ಕೇಳಲಿಲ್ಲ, ಅಷ್ಟರಲ್ಲಿ ಅವನು ರೀಲ್ಸ್‌ನಲ್ಲಿ ಮುಳುಗಿ ಹೋಗಿದ್ದ. ಎಂಟಕ್ಕೆ ಅಮ್ಮನ ಸೀರಿಯಲ್ ಶುರು, ಟಿವಿ ಬಿಟ್ಟುಕೊಡಬೇಕಾಯಿತು. ಮಾರನೇ ದಿನ ಬೆಳಿಗ್ಗೆ ಅಮ್ಮ "ಗಡಿಯಾರ ಯಾಕೋ ಏಳೂ ಮುಕ್ಕಾಲಿಗೇ ನಿಂತ್ಬಿಟ್ಟಿದೆಯಲ್ಲೋ" ಅಂದರು. ನಾನು ಸುಮ್ನಿದ್ದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, 2025ರ ನವೆಂಬರ್‌ನಲ್ಲಿ ಪಿಸಿ ಗೇಮ್ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ, ಆ ಗೇಮ್‌ಗಳನ್ನು ಟಿವಿಯಲ್ಲಿ ಆಡಲು ಹೊಸ ಸ್ಟೀಮ್ ಮಷಿನ್ ಅನ್ನುವ ಪುಟ್ಟ ಪಿಸಿ ಘೋಷಿಸಿದಾಗಿನಿಂದ ನಮ್ಮ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಂದೇ ಜಗಳ. "ಟಿವಿ ಮುಂದೆ ಇಡೋಕೆ ಪ್ಲೇಸ್ಟೇಷನ್ ಇದೆ, ಪಿಸಿ ಗೇಮ್ ಆಡೋಕೆ ಪಿಸಿ ಇದೆ, ನಡುವೆ ಈ ಡಬ್ಬ ಯಾರಿಗೆ?" ಅಂತ. ಕೇಳುವವರೆಲ್ಲ ಅದರ ಸ್ಪೆಕ್ ಹಿಡಿದುಕೊಂಡು ಮಾತಾಡುತ್ತಾರೆ. ಆರು ಕೋರಿನ ಜೆನ್ 4 ಪ್ರೊಸೆಸರ್, 16 ಜಿಬಿ ರ‍್ಯಾಮ್, ಗ್ರಾಫಿಕ್ಸಿಗೆ ಬರೀ 8 ಜಿಬಿ ಮೆಮೊರಿ, ಇಷ್ಟಕ್ಕೆ 4ಕೆ ಅಂತ ಹೇಗೆ ಹೇಳ್ತಾರೆ, ಇತ್ಯಾದಿ. 8 ಜಿಬಿ ಕಡಿಮೆಯೇ, ಒಪ್ಪುತ್ತೇನೆ. ಆದರೆ ನನ್ನ ಪ್ರಕಾರ ಪ್ರಶ್ನೆ ಅದಲ್ಲವೇ ಅಲ್ಲ. ಆ ಡಬ್ಬ ಮಾರುತ್ತಿರುವುದು ಆ ಇಪ್ಪತ್ತು ನಿಮಿಷವನ್ನು. ಗಡಿಯಾರದ ಸೆಲ್ ಕೀಳದೇ ಗೇಮ್ ಶುರುವಾಗುತ್ತದಾ ಇಲ್ಲವಾ, ಅಷ್ಟೇ.

ಒಳಗೆ ನೋಡಿದರೆ ಪಿಸಿಗೂ ಪ್ಲೇಸ್ಟೇಷನ್ ಥರದ ಕನ್ಸೋಲ್‌ಗೂ ಈಗ ದೊಡ್ಡ ವ್ಯತ್ಯಾಸ ಉಳಿದಿಲ್ಲ. 2001ರ ಮೊದಲ ಎಕ್ಸ್‌ಬಾಕ್ಸ್‌ನಲ್ಲೇ ಇಂಟೆಲ್ ಪೆಂಟಿಯಂ 3 ಜಾತಿಯ ಪ್ರೊಸೆಸರ್, ಎನ್‌ವಿಡಿಯಾ ಗ್ರಾಫಿಕ್ಸ್, ಹಾರ್ಡ್‌ಡಿಸ್ಕ್ ಎಲ್ಲ ಇತ್ತು. 2013ರ ಪ್ಲೇಸ್ಟೇಷನ್ 4ರಿಂದ ಈಚೆಗೆ ಸೋನಿಯೂ ಅದೇ ದಾರಿ, ಎಎಂಡಿಯ ಪಿಸಿ ಚಿಪ್‌ನ ಅಣ್ಣತಮ್ಮಂದಿರೇ. ವ್ಯತ್ಯಾಸ ಇರುವುದು ಆನ್ ಮಾಡುವ ಕ್ಷಣದಲ್ಲಿ. ಕಂಟ್ರೋಲರ್‌ನ ನಡುವಿನ ಬಟನ್ ಒತ್ತಿದರೆ ಕನ್ಸೋಲ್ ಏಳುತ್ತದೆ, ಅದು ಟಿವಿಯನ್ನೂ ಎಬ್ಬಿಸುತ್ತದೆ, ಟಿವಿ ತಾನೇ ಸರಿಯಾದ ಸೋರ್ಸ್‌ಗೆ ಬರುತ್ತದೆ. ಟಿವಿಯನ್ನು ಎಬ್ಬಿಸುವ ಆ ಸಣ್ಣ ಕೆಲಸಕ್ಕೆ ಸಿಇಸಿ ಅಂತ ಹೆಸರು. ಎಚ್‌ಡಿಎಂಐ ಕೇಬಲ್ಲಿನಲ್ಲೇ ಹರಿಯುವ ಒಂದು ಸಿಗ್ನಲ್ ಅದು. ಐದು ಸಾವಿರದ ಸೆಟ್‌ಟಾಪ್ ಸ್ಟಿಕ್ಕಿಗೆ ಅದು ಬರುತ್ತದೆ, ಮೂವತ್ತು ಸಾವಿರದ ಗ್ರಾಫಿಕ್ಸ್ ಕಾರ್ಡಿಗೆ ಬರುವುದಿಲ್ಲ. ಎಂಥಾ ತಮಾಷೆ ನೋಡಿ.

ನಾವು ಚಿಕ್ಕವರಿದ್ದಾಗ 'ಟಿವಿ ಗೇಮ್' ಅಂತ ಬರುತ್ತಿತ್ತು, ನೆನಪಿದೆಯಾ? ಹಳದಿ ಕ್ಯಾಸೆಟ್, ಮೇಲೆ 9999999 ಇನ್ 1 ಅಂತ ಬರೆದಿರುತ್ತಿತ್ತು, ಒಳಗೆ ಅದೇ ಹತ್ತು ಹನ್ನೆರಡು ಗೇಮ್ ತಿರುಗಿ ತಿರುಗಿ. ಕ್ಯಾಸೆಟ್ ಊದಿ, ಚುಚ್ಚಿ, ಆನ್ ಮಾಡಿದರೆ ಮೂರು ಸೆಕೆಂಡಿಗೆ ಮಾರಿಯೋ. ಆಮೇಲೆ ಸೈಬರ್ ಸೆಂಟರ್ ಬಂತು, ಗಂಟೆಗೆ ಇಷ್ಟು ಅಂತ ಕೊಟ್ಟು ವೈಸ್ ಸಿಟಿ, ಕೌಂಟರ್ ಸ್ಟ್ರೈಕ್. ಆಮೇಲೆ ಮನೆಗೇ ಪಿಸಿ ಬಂತು. ಪಿಸಿ ಬಂದದ್ದು ರೂಮಿಗೆ, ಹಾಲ್‌ಗಲ್ಲ. ಅಲ್ಲಿಂದ ಗೇಮ್ ಅನ್ನುವುದು ಬಾಗಿಲು ಹಾಕಿಕೊಂಡು ಒಬ್ಬನೇ ಮಾಡುವ ಕೆಲಸವಾಯಿತು. ಪಕ್ಕದಲ್ಲಿ ಕೂತು "ಹಾರೋ, ಹಾರೋ, ಅಯ್ಯೋ ಬಿದ್ದ" ಅನ್ನುವವರು ಇಲ್ಲವಾದರು.

ವಾಲ್ವ್‌ಗೆ ಇದು ಎರಡನೇ ಪ್ರಯತ್ನ. ಮೊದಲನೆಯದು 2015ರ ನವೆಂಬರ್‌ನಲ್ಲಿ ಬಂದಿತ್ತು, ಆವತ್ತು ಡಬ್ಬ ಮಾಡಿದ್ದು ಬೇರೆ ಬೇರೆ ಕಂಪನಿಗಳು, ಒಂದೊಂದಕ್ಕೂ ಒಂದೊಂದು ರೇಟು, ಒಂದೊಂದು ಆಕಾರ. ಮಕಾಡೆ ಮಲಗಿತು. ಕಾರಣ ಸರಳ. ಅದರಲ್ಲಿದ್ದದ್ದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಅನ್ನುವ ಬೇರೆ ಆಪರೇಟಿಂಗ್ ಸಿಸ್ಟಮ್, ಗೇಮ್‌ಗಳೆಲ್ಲ ವಿಂಡೋಸ್‌ಗೆ ಮಾಡಿದ್ದು. ಅಂಗಡಿ ತೆರೆದಿಟ್ಟು ಸಾಮಾನೇ ಇಲ್ಲ ಅಂದರೆ ಯಾರು ಬರುತ್ತಾರೆ? 2018ರಲ್ಲಿ ಪ್ರೋಟಾನ್ ಬಂದ ಮೇಲೆ ಕಥೆ ಬದಲಾಯಿತು. ಪ್ರೋಟಾನ್ ಅಂದರೆ, ಗೇಮ್ ವಿಂಡೋಸ್ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡಿರುತ್ತದೆ, ನಡುವೆ ಇದು ಕೂತು ಆ ಮಾತನ್ನೆಲ್ಲ ಲಿನಕ್ಸಿಗೆ ಅರ್ಥವಾಗುವ ಹಾಗೆ ದಾಟಿಸುತ್ತದೆ. ವಿಂಡೋಸ್‌ನ ಗ್ರಾಫಿಕ್ಸ್ ಭಾಷೆ ಡೈರೆಕ್ಟ್ಎಕ್ಸ್‌ನಲ್ಲಿ ಬಂದದ್ದನ್ನು ಲಿನಕ್ಸಿಗೂ ಗೊತ್ತಿರುವ ವಲ್ಕನ್‌ಗೆ ಬದಲಿಸಿ ಕಳಿಸುತ್ತದೆ. ಗೇಮ್ ಮಾಡಿದವರು ಒಂದು ಸಾಲೂ ಬದಲಿಸಬೇಕಿಲ್ಲ. 2022ರಲ್ಲಿ ಬಂದ ಕೈಯಲ್ಲಿ ಹಿಡಿಯುವ ಸ್ಟೀಮ್ ಡೆಕ್ ಓಡಿದ್ದೇ ಇದರ ಮೇಲೆ. ಆದರೆ ಜನ ಡೆಕ್ ಮೆಚ್ಚಿದ್ದು ಪ್ರೋಟಾನ್‌ಗಾಗಿ ಅಲ್ಲ. ಬಟನ್ ಒತ್ತಿದರೆ ಗೇಮ್ ಇದ್ದಲ್ಲೇ ನಿದ್ದೆ ಹೋಗುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಏಳುತ್ತದೆ, ಅದಕ್ಕಾಗಿ. ಮಗು ಅತ್ತರೆ ಎದ್ದು ಹೋಗಬಹುದು. ಕುಕ್ಕರ್ ಕೂಗಿದರೆ ಎದ್ದು ಹೋಗಬಹುದು. ಮೂವತ್ತೈದು ದಾಟಿದವರಿಗೆ ಗ್ರಾಫಿಕ್ಸಿಗಿಂತ ಇದು ಮುಖ್ಯ.

ಬರೀ ಬಾಯಿಮಾತು ಬೇಡ ಅಂತ ನಾನೇ ಒಂದು ಪ್ರಯೋಗ ಮಾಡಿದೆ. ರೂಮಿಗೆ ಹೊಸ ಪಿಸಿ ಕಟ್ಟಿಸಿದ್ದೆ, ಹಳೆಯದು ಧೂಳು ತಿನ್ನುತ್ತಿತ್ತು. ಅದರಲ್ಲಿ ಎಎಂಡಿ ಆರ್‌ಎಕ್ಸ್ 6600 ಕಾರ್ಡ್ ಇದೆ. ಅದಕ್ಕೆ ಬಜೈಟ್ ಹಾಕಿದೆ. ಸ್ಟೀಮ್ ಡೆಕ್‌ನಲ್ಲಿ ಕಾಣುವ ಅದೇ ಪರದೆಯನ್ನು ಬೇರೆ ಪಿಸಿಗಳಿಗೂ ತಂದುಕೊಡುವ ಪುಕ್ಕಟೆ ಲಿನಕ್ಸ್ ಅದು. ಹಾಲ್‌ನಲ್ಲಿಟ್ಟು ಮೂರು ತಿಂಗಳು ಬಳಸಿದೆ.

ಮೊದಲು ಚೆನ್ನಾಗಿದ್ದದ್ದು ಹೇಳುತ್ತೇನೆ. ಆನ್ ಮಾಡಿದರೆ ಸೀದಾ ಗೇಮ್ ಪಟ್ಟಿ. ದೊಡ್ಡ ಅಕ್ಷರ. ಮೌಸ್, ಕೀಬೋರ್ಡ್ ಬೇಕಾಗಿಲ್ಲ. ಅಪ್‌ಡೇಟ್ ಇದ್ದರೆ ಹೇಳುತ್ತದೆ, ಕುತ್ತಿಗೆ ಪಟ್ಟಿ ಹಿಡಿಯುವುದಿಲ್ಲ. 2015ರಲ್ಲಿ ಸ್ಟೀಮ್‌ನಲ್ಲಿ ರೂಪಾಯಿ ರೇಟ್ ಬಂದಾಗಿನಿಂದ ಸೇಲ್ ಸೇಲ್ ಅಂತ ಕೊಂಡು ಗುಡ್ಡೆ ಹಾಕಿದ್ದ ಗೇಮ್‌ಗಳೆಲ್ಲ ಅಲ್ಲಿದ್ದವು, ಕೆಲವನ್ನು ಕೊಂಡದ್ದೇ ಮರೆತಿದ್ದೆ. ಇಬ್ಬರು ಕೂತು ಆಡುವ ಅಡುಗೆಮನೆ ಗೇಮ್ ಓವರ್‌ಕುಕ್ಡ್ ಹಾಕಿದೆ. ಜನ್ಮದಲ್ಲಿ ಕಂಟ್ರೋಲರ್ ಮುಟ್ಟದ ಹೆಂಡತಿ ಹದಿನೈದು ನಿಮಿಷ ಬಿಟ್ಟು "ರೀ, ಆ ತಟ್ಟೆ ತೊಳೀರೀ, ಎಷ್ಟು ಹೊತ್ತು ನಿಂತಿರ್ತೀರಾ" ಅಂತ ಕೂಗಾಡುತ್ತಿದ್ದಳು. ನಿಜವಾದ ಅಡುಗೆಮನೆಯಲ್ಲಿ ತಟ್ಟೆ ಹಾಗೇ ಬಿದ್ದಿದ್ದವು, ಅದು ಬೇರೆ ಮಾತು. ರೂಮಿನಲ್ಲಿ ಪಿಸಿ ಇದ್ದ ಎಂಟು ವರ್ಷದಲ್ಲಿ ಇದು ಒಂದು ಸಲವೂ ಆಗಿರಲಿಲ್ಲ.

ಈಗ ತೊಂದರೆ. ಕಂಟ್ರೋಲರ್‌ನಿಂದ ಪಿಸಿ ಏಳುವುದಿಲ್ಲ, ಎದ್ದು ಹೋಗಿ ಕ್ಯಾಬಿನೆಟ್ ಬಟನ್ ಒತ್ತಬೇಕು. ಟಿವಿ ಏಳುವುದಿಲ್ಲ, ಸಿಇಸಿ ಇಲ್ಲವಲ್ಲ. ಬ್ಲೂಟೂತ್ ಡಾಂಗಲ್ ಕ್ಯಾಬಿನೆಟ್ ಹಿಂದೆ ಚುಚ್ಚಿದರೆ ತಗಡು ಅಡ್ಡ ಬಂದು ಸಿಗ್ನಲ್ ಕುಂಟುತ್ತದೆ, ಮಾರಿಯೋ ಥರದ ಗೇಮ್‌ನಲ್ಲಿ ನೀವು ಹಾರಿದ ಮೇಲೆ ಅವನು ಹಾರುತ್ತಾನೆ. ಯುಎಸ್‌ಬಿ ಎಕ್ಸ್‌ಟೆನ್ಷನ್ ತಂದು ಡಾಂಗಲ್ ಮುಂದಕ್ಕೆ ಎಳೆದೆ, ಸರಿಹೋಯಿತು. ಫ್ಯಾನ್ ಸದ್ದಿಗೆ ಅಮ್ಮ "ಒಗೆಯೋ ಮಷಿನ್ ಹಾಲ್‌ಗೆ ಯಾಕೋ ತಂದೆ?" ಅಂದರು. ಟಿವಿ ಚೆನ್ನಾಗಿರುವವರಿಗೆ ಇನ್ನೊಂದು ಬೇಜಾರು. 4ಕೆ ಜೊತೆ ಸೆಕೆಂಡಿಗೆ 120 ಫ್ರೇಮ್ ಪೂರ್ತಿ ಗುಣಮಟ್ಟದಲ್ಲಿ ಬೇಕಾದರೆ ಎಚ್‌ಡಿಎಂಐ 2.1 ಬೇಕು. ಎಎಂಡಿ ಅದನ್ನು ಲಿನಕ್ಸಿನ ತೆರೆದ ಡ್ರೈವರ್‌ಗೆ ಹಾಕುತ್ತೇವೆ ಅಂದಾಗ 2024ರಲ್ಲಿ ಎಚ್‌ಡಿಎಂಐಗೆ ನಿಯಮ ಮಾಡುವ ಎಚ್‌ಡಿಎಂಐ ಫೋರಂನವರು ಆಗಲ್ಲ ಅಂದುಬಿಟ್ಟರು. ವಾಲ್ವ್‌ನ ಹೊಸ ಡಬ್ಬದ ಪಟ್ಟಿಯಲ್ಲೂ ಅದಕ್ಕೇ 2.0 ಅಂತಲೇ ಇದೆ. ನನ್ನದು 60ರ ಟಿವಿ, ನನಗೆ ಬಿಸಿ ತಟ್ಟಲಿಲ್ಲ.

ಈ ಪಟ್ಟಿಯಲ್ಲಿ ಮುಕ್ಕಾಲು ಪಾಲು ತೊಂದರೆಗೆ ಸ್ಟೀಮ್ ಮಷಿನ್‌ನಲ್ಲಿ ಉತ್ತರವಿದೆ. ಕಂಟ್ರೋಲರ್‌ನಿಂದ ಏಳುತ್ತದೆ, ಸಿಇಸಿ ಇದೆ, ಒಂದು ಗೇಣಿಗಿಂತ ಚಿಕ್ಕ ಚೌಕ, ಪವರ್ ಸಪ್ಲೈ ಒಳಗೇ ಇದೆ, ವೈರ್‌ಲೆಸ್‌ಗೆ ಆಂಟೆನಾ ಬೇರೆಯೇ ಕೊಟ್ಟಿದ್ದಾರೆ. ಅಂದರೆ ಅದನ್ನು ಮಾಡಿದವರೂ ಸೋಫಾ ಮತ್ತು ಟಿವಿ ನಡುವೆ ನನ್ನ ಹಾಗೇ ಓಡಾಡಿ ಬೇಸತ್ತವರೇ ಇರಬೇಕು. ಹಾಗಾಗಿ ಐಡಿಯಾಗೆ ಅರ್ಥ ಇದೆಯಾ ಅಂದರೆ, ಇದೆ. ಖಂಡಿತ ಇದೆ.

ಆದರೆ ಎಲ್ಲರಿಗೂ ಇಲ್ಲ. ನಮ್ಮ ಗ್ರೂಪಿನಲ್ಲಿ ಅರ್ಧ ಜನ ದಿನಾ ರಾತ್ರಿ ವ್ಯಾಲರೆಂಟ್ ಆಡುವವರು. ಅದು ಲಿನಕ್ಸಿನಲ್ಲಿ ನಡೆಯುವುದಿಲ್ಲ. ಮೋಸ ಹಿಡಿಯುವ ಅದರ ಸಾಫ್ಟ್‌ವೇರ್ ವಿಂಡೋಸ್‌ನ ಬುಡದಲ್ಲಿ ಹೋಗಿ ಕೂರಬೇಕು, ಇಲ್ಲಿ ಆ ಬುಡವೇ ಬೇರೆ. ಫೋರ್ಟ್‌ನೈಟ್ ಇಲ್ಲ. 2024ರಲ್ಲಿ ಏಪೆಕ್ಸ್ ಲೆಜೆಂಡ್ಸ್ ಲಿನಕ್ಸಿನವರಿಗೆ ಬಾಗಿಲು ಹಾಕಿತು, ಜಿಟಿಎ ಆನ್‌ಲೈನ್ ಕೂಡ. ಇಎ ಫುಟ್‌ಬಾಲ್ ಇಲ್ಲ, ಮತ್ತು ನಾಲ್ಕು ಹುಡುಗರು ಒಂದು ಟಿವಿ ಮುಂದೆ ಕೂತರೆ ಮೊದಲು ಹಾಕುವುದೇ ಅದು! ಡಬ್ಬಕ್ಕೆ ವಿಂಡೋಸ್ ಹಾಕಿಕೊಳ್ಳಬಹುದು ಅಂತಾರೆ. ಹಾಕಬಹುದು. ಹಾಕಿದ ದಿನವೇ ಆ ಇಪ್ಪತ್ತು ನಿಮಿಷ ವಾಪಸ್ ಬರುತ್ತದೆ, ಮತ್ತೆ ಯಾಕೆ ಇಷ್ಟೆಲ್ಲ?

ಇನ್ನು ದುಡ್ಡು. ಪ್ಲೇಸ್ಟೇಷನ್ 5 ನಮ್ಮಲ್ಲಿಗೆ 2021ರ ಫೆಬ್ರವರಿಯಲ್ಲಿ 49,990 ರೂಪಾಯಿಗೆ ಬಂತು. ಕನ್ಸೋಲ್ ಕಂಪನಿಗಳು ಶುರುವಿನಲ್ಲಿ ಡಬ್ಬವನ್ನು ನಷ್ಟಕ್ಕೂ ಮಾರುತ್ತವೆ, ಗೇಮ್ ಮತ್ತು ಚಂದಾದಲ್ಲಿ ವಾಪಸ್ ಎಳೆದುಕೊಳ್ಳುತ್ತವೆ. ವಾಲ್ವ್ ಹಾಗೆ ಮಾಡುವುದಿಲ್ಲ, ಅಷ್ಟೇ ಸಾಮರ್ಥ್ಯದ ಪಿಸಿಗೆ ಎಷ್ಟಾಗುತ್ತದೋ ಅದೇ ಲೆಕ್ಕ ಅಂತ ಕಂಪನಿ ಮೊದಲೇ ಹೇಳಿಬಿಟ್ಟಿದೆ. ಜಿಪುಣತನ ಅಂತ ಬೈಯುವವರಿಗೆ ಒಂದು ಹಳೇ ಕಥೆ. ಪ್ಲೇಸ್ಟೇಷನ್ 3ರಲ್ಲಿ ಮೊದಮೊದಲು ಲಿನಕ್ಸ್ ಹಾಕಲು ಸೋನಿಯೇ ಬಿಟ್ಟಿತ್ತು. ಡಬ್ಬ ನಷ್ಟಕ್ಕೆ ಮಾರುತ್ತಿದ್ದ ಕಾಲ. ಅಮೆರಿಕದ ವಾಯುಪಡೆಯ ಸಂಶೋಧನಾಲಯದವರು ಸಾವಿರದ ಏಳುನೂರಕ್ಕೂ ಜಾಸ್ತಿ ಪ್ಲೇಸ್ಟೇಷನ್ 3 ಜೋಡಿಸಿ 2010ರಲ್ಲಿ ಕಾಂಡರ್ ಅನ್ನುವ ಸೂಪರ್‌ಕಂಪ್ಯೂಟರನ್ನೇ ಕಟ್ಟಿಬಿಟ್ಟರು. ಅವರೇನು ಕೂತು ಗೇಮ್ ಕೊಂಡುಕೊಳ್ಳುತ್ತಾರಾ? ಸ್ಟೀಮ್ ಮಷಿನ್ ಅದಕ್ಕಿಂತ ಬಿಚ್ಚಿಟ್ಟ ಡಬ್ಬ. ಅಗ್ಗಕ್ಕೆ ಕೊಟ್ಟರೆ ಆಫೀಸಿನವರು ನೂರು ನೂರು ಕೊಂಡು ಎಕ್ಸೆಲ್ ಹಾಕಿ ಕೂರಿಸುತ್ತಾರೆ.

ಅದರ ಮೇಲೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಎಲ್ಲ ನುಂಗುತ್ತಿವೆ. 2025ರ ಕೊನೆಯಲ್ಲಿ ಮೈಕ್ರಾನ್ ನಮ್ಮಂಥ ಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇವೆ ಅಂದಿತು. ಪಿಸಿ ಬೆಲೆಗೆ ಕಟ್ಟಿಹಾಕಿದ ಡಬ್ಬಕ್ಕೆ ಇದರ ಬಿಸಿ ನೇರ ತಟ್ಟುತ್ತದೆ. ಇನ್ನು ನಮ್ಮ ದೇಶದ ಮಟ್ಟಿಗೆ, ಡೆಕ್ಕನ್ನೇ ವಾಲ್ವ್ ಇಲ್ಲಿ ನೇರವಾಗಿ ಮಾರಲಿಲ್ಲ, ಬಂದದ್ದೆಲ್ಲ ಇಂಪೋರ್ಟ್. ಇಂಪೋರ್ಟ್ ಅಂದರೆ ಮೇಲೆ ಹತ್ತಿಪ್ಪತ್ತು ಸಾವಿರ ಜಾಸ್ತಿ, ಕೆಟ್ಟರೆ ವಾರಂಟಿಗೆ ದೇವರೇ ಗತಿ.

ಹಾಗಾಗಿ ಯಾರಾದರೂ ಇನ್‌ಬಾಕ್ಸಿನಲ್ಲಿ ಕೇಳಿದರೆ ನಾನು ಹೇಳುವುದು ಇಷ್ಟೇ. ಸ್ಟೀಮ್‌ನಲ್ಲಿ ಏನೂ ಕೊಂಡಿಲ್ಲದವರು, ಮನೆಗೆ ಮೊದಲ ಸಲ ಗೇಮ್ ತರುತ್ತಿರುವವರು ಪ್ಲೇಸ್ಟೇಷನ್ ತಗೊಳ್ಳಿ, ನಿಮಗೆ ಅದೇ ಸರಿ. ಡಿಸ್ಕ್ ಇರುವ ಮಾಡೆಲ್ ತಗೊಂಡರೆ ಆಡಿ ಮುಗಿಸಿದ ಗೇಮ್ ಮಾರಬಹುದು, ಸ್ಟೀಮ್‌ನಲ್ಲಿ ಆ ಸೌಲಭ್ಯ ಇಲ್ಲ. ಪ್ಲೇಸ್ಟೇಷನ್‌ನಲ್ಲಿ ಹೆಚ್ಚಿನ ಗೇಮ್‌ಗಳನ್ನು ಆನ್‌ಲೈನ್ ಆಡಲು ಚಂದಾ ಕಟ್ಟಬೇಕು ಅನ್ನುವುದೊಂದು ಲೆಕ್ಕದಲ್ಲಿರಲಿ. ಹತ್ತು ವರ್ಷದ ಸ್ಟೀಮ್ ಗಂಟು ಇರುವವರು, ಒಬ್ಬರೇ ಆಡುವ ಗೇಮ್ ಅಥವಾ ಮನೆಯವರ ಜೊತೆ ಆಡುವ ಗೇಮ್ ಇಷ್ಟಪಡುವವರು, ಇಂಥ ಡಬ್ಬ ನಿಮಗಾಗಿಯೇ ಇರುವುದು. ಹಳೇ ಎಎಂಡಿ ಕಾರ್ಡಿನ ಪಿಸಿ ಮೂಲೆಯಲ್ಲಿದ್ದರೆ ಮಾತ್ರ ಕಾಸು ಬಿಚ್ಚುವ ಮುಂಚೆ ಒಂದು ಭಾನುವಾರ ಅದಕ್ಕೆ ಕೊಟ್ಟು ನೋಡಿ. ಒಂದು ಸಣ್ಣ ಯುಪಿಎಸ್ ಕೂಡ ಇರಲಿ, ಇನ್ವರ್ಟರ್ ಮನೆಯ ಲೈಟಿಗೆ ಸರಿ, ಆದರೆ ಕರೆಂಟ್‌ನಿಂದ ಅದಕ್ಕೆ ಬದಲಾಗುವ ಆ ಚಿಟಿಕೆ ಹೊತ್ತೇ ಸಾಕು, ಪಿಸಿ ಆಫ್ ಆಗಿಬಿಡಬಹುದು. ಡೆಕ್‌ಗೆ ಬ್ಯಾಟರಿ ಇತ್ತು, ಇಂಥದ್ದಕ್ಕೆ ಇಲ್ಲ. ಕರೆಂಟ್ ಹೋದರೆ ನಿದ್ದೆಯಲ್ಲಿದ್ದ ಗೇಮ್ ನಿದ್ದೆಯಲ್ಲೇ ಹೋಗುತ್ತದೆ. ನನಗೆ ಮೂರು ಸಲ ಆಗಿದೆ.

ಬೇಸಿಗೆ ರಜೆಗೆ ಹುಡುಗ ಮತ್ತೆ ಬರುತ್ತಾನಂತೆ, ಜೊತೆಗೆ ಅವನ ತಂಗಿಯೂ. ನಾಲ್ಕು ಜನ ಆಡುವಷ್ಟು ಕಂಟ್ರೋಲರ್ ಹೊಂದಿಸಿದ್ದೇನೆ. ಗಡಿಯಾರಕ್ಕೆ ಹೊಸ ಸೆಲ್ಲೂ ಹಾಕಿದ್ದೇನೆ. ಹಾಲ್‌ನ ಪಿಸಿಯಲ್ಲಿ ಇರುವುದು 8 ಜಿಬಿ ರ‍್ಯಾಮ್, ಇನ್ನೊಂದು ಕಡ್ಡಿ ಹಾಕೋಣ ಅಂತ ಮೊನ್ನೆ ಶನಿವಾರ ಎಸ್.ಪಿ. ರೋಡಿಗೆ ಹೋಗಿದ್ದೆ. ನಾಲ್ಕು ಅಂಗಡಿಯಲ್ಲಿ ರೇಟ್ ಕೇಳಿ, ಒಂದು ಎಳನೀರು ಕುಡಿದು ಬರಿಗೈಲಿ ವಾಪಸ್ ಬಂದೆ. ಯಾರ ಹತ್ತಿರವಾದರೂ ಹಳೇ ಡಿಡಿಆರ್4 ಎಂಟು ಜಿಬಿ ಸುಮ್ನೆ ಬಿದ್ದಿದ್ದರೆ ಕಾಮೆಂಟಿನಲ್ಲಿ ಹೇಳಿ, ಬೆಂಗಳೂರಲ್ಲಿ ಎಲ್ಲಿದ್ದರೂ ನಾನೇ ಬಂದು ತಗೊಂಡು ಹೋಗುತ್ತೇನೆ.