ಸತ್ಯಾಂಶ: ವಿಶ್ವಸಂಸ್ಥೆಯ ಮುಖ್ಯಸ್ಥರ ಕೈಯಲ್ಲಿ ಸೇನೆ ಇದೆಯಾ?

ಗಲ್ಫ್ ಕಡೆ ಸ್ವಲ್ಪ ಗಲಾಟೆ ಆದರೆ ಸಾಕು, ಮಂಜೇಶ್ವರ, ಕುಂಬಳೆಯ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಂದೇಶ ಓಡಾಡುತ್ತದೆ: ‘ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಮನಸ್ಸು ಮಾಡಿದರೆ ನಾಳೆಯೇ ಸೇನೆ ಕಳಿಸಿ ಯುದ್ಧ ನಿಲ್ಲಿಸಬಹುದು, ಸುಮ್ನೆ ಕೂತಿದ್ದಾರೆ.’ ಮನೆಯವರು ಅಲ್ಲಿ ದುಡಿಯುತ್ತಿರುವಾಗ ಹಾಗೆ ಅನ್ನಿಸುವುದು ಸಹಜ, ಅಲ್ವಾ? ಆದರೆ ಅದು ನಿಜವಲ್ಲ.

ಪ್ರಧಾನ ಕಾರ್ಯದರ್ಶಿಗೆ ಸ್ವಂತ ಸೇನೆಯೇ ಇಲ್ಲ. ನೀಲಿ ಹೆಲ್ಮೆಟ್‌ನವರು, ಅಂದರೆ ವಿಶ್ವಸಂಸ್ಥೆಯ ಶಾಂತಿಪಾಲಕರು, ಭಾರತದಂಥ ಸದಸ್ಯ ದೇಶಗಳು ಕಳಿಸಿಕೊಟ್ಟ ಸೈನಿಕರು. ಅವರು ಎಲ್ಲಿಗೆ ಹೋಗಬೇಕು ಎಂದು ಸಾಮಾನ್ಯವಾಗಿ ತೀರ್ಮಾನಿಸುವುದು 15 ದೇಶಗಳ ಭದ್ರತಾ ಮಂಡಳಿ. ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್‌ಗಳಲ್ಲಿ ಒಂದು ವೀಟೊ (ನಿರ್ಣಯವನ್ನೇ ತಡೆಯುವ ಮತ) ಹಾಕಿದರೂ ಕೆಲಸ ಕೆಟ್ಟಿತು.

ಈ ವೀಟೊ ಪ್ರಧಾನ ಕಾರ್ಯದರ್ಶಿಯ ಕುರ್ಚಿಗೂ ತಟ್ಟುತ್ತದೆ. 1996ರಲ್ಲಿ 14 ದೇಶಗಳು ಬೇಕು ಅಂದರೂ, ಅಮೆರಿಕ ಒಂದೇ ಬೇಡ ಅಂದದ್ದಕ್ಕೆ ಆಗಿನ ಪ್ರಧಾನ ಕಾರ್ಯದರ್ಶಿ ಬುಟ್ರೋಸ್ ಘಾಲಿಗೆ ಎರಡನೇ ಅವಧಿ ಸಿಗಲಿಲ್ಲ. ದೊಡ್ಡವರನ್ನು ಎದುರು ಹಾಕಿಕೊಳ್ಳುವುದು ಎಷ್ಟು ಕಷ್ಟ ಎಂದು ಇದರಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಇರುವ ಅಧಿಕಾರ? ವಿಶ್ವಸಂಸ್ಥೆಯ ಸನ್ನದಿನ (ಅದರ ಮೂಲ ನಿಯಮಾವಳಿ) 99ನೇ ವಿಧಿ. ಶಾಂತಿಗೆ ಅಪಾಯ ಎನ್ನಿಸಿದರೆ ಮಂಡಳಿಯ ಗಮನಕ್ಕೆ ತರಬಹುದು. 2023ರ ಡಿಸೆಂಬರ್‌ನಲ್ಲಿ ಗಾಜಾ ವಿಷಯಕ್ಕೆ ಆಗಿನ ಪ್ರಧಾನ ಕಾರ್ಯದರ್ಶಿ ಗುಟೆರಸ್ ಇದನ್ನೇ ಬಳಸಿದರು. ಎರಡು ದಿನದಲ್ಲಿ ಕದನವಿರಾಮದ ನಿರ್ಣಯ ಮತಕ್ಕೆ ಬಂತು. 13 ದೇಶಗಳು ಪರ, ಬ್ರಿಟನ್ ತಟಸ್ಥ, ಅಮೆರಿಕದ ವೀಟೊ. ಅಲ್ಲಿಗೆ ನಿರ್ಣಯ ಬಿದ್ದುಹೋಯಿತು.

ಉಳಿದದ್ದು ಮಾತುಕತೆ. 2022ರಲ್ಲಿ ಟರ್ಕಿ ಜೊತೆ ಸೇರಿ ಉಕ್ರೇನ್‌ನ ಧಾನ್ಯದ ಹಡಗುಗಳಿಗೆ ದಾರಿ ಮಾಡಿಕೊಟ್ಟದ್ದು ಹೀಗೆಯೇ. ಅದೂ ಮರುವರ್ಷ ಜುಲೈನಲ್ಲಿ ರಷ್ಯಾ ಹೊರನಡೆದಾಗ ನಿಂತಿತು.