ಚಿಲಕ ಬೇಕಾಗಿದೆ

ಹೋಟೆಲಿನ ಬಾತ್‌ರೂಮಿಗೆ ಬಾಗಿಲು ವಾಪಸ್ ಕೊಡಿ ಅಂತ ಒಬ್ಬಾಕೆ ಅಭಿಯಾನ ಶುರು ಮಾಡಿದ ಸುದ್ದಿ ನೀವೂ ಓದಿರುತ್ತೀರಿ. ಯಾವ ಹೋಟೆಲಿಗೆ ಬಾಗಿಲಿದೆ, ಯಾವುದಕ್ಕಿಲ್ಲ ಅಂತ ಪಟ್ಟಿ ಬೇರೆ ಮಾಡಿದ್ದಾರೆ. ಆ ಸುದ್ದಿಯನ್ನು ಒಂದೇ ದಿನದಲ್ಲಿ ನನಗೆ ಏಳು ಜನ ಕಳಿಸಿದರು. ಏಳೂ ಜನ ಜೊತೆಗೊಂದು ನಗುವ ಮುಖ ಅಂಟಿಸಿದ್ದರು. ನಾನು ನಗಲಿಲ್ಲ. ಸುಮ್ನೆ ಭಾವನಿಗೆ ಕಳಿಸಿದೆ. ಅವರೂ ನಗಲಿಲ್ಲ. "ಎಲ್ಲಿ ಸಹಿ ಹಾಕಬೇಕು ಕೇಳು" ಅಂತ ಒಂದೇ ಸಾಲಿನ ಉತ್ತರ ಬಂತು.

ಭಾವ ಅಂದರೆ ಅಕ್ಕನ ಗಂಡ. 22 ವರ್ಷದಿಂದ ನಮ್ಮಿಬ್ಬರ ನಡುವೆ ಮರ್ಯಾದೆಯ ಒಂದು ದೂರ ಇದೆ. ಅವರ ಎದುರು ನಾನು ಕಾಲ ಮೇಲೆ ಕಾಲು ಹಾಕಿ ಕೂತವನಲ್ಲ. ನನ್ನ ಎದುರು ಅವರು ಬರೀ ಬನಿಯನ್ನಿನಲ್ಲಿ ಓಡಾಡಿದವರಲ್ಲ. ಕಷ್ಟಪಟ್ಟು ಕಾಪಾಡಿಕೊಂಡು ಬಂದ ಈ ದೂರವನ್ನು ಒಂದು ಒಳ್ಳೆಯ ಹೋಟೆಲು ಎರಡೇ ರಾತ್ರಿಯಲ್ಲಿ ಒಂದು ಗಾಜಿನ ದಪ್ಪಕ್ಕೆ ಇಳಿಸಿಬಿಟ್ಟಿತು.

ಕೆಲಸದ ಮೇಲೆ ಇಬ್ಬರೂ ಒಂದೇ ಊರಿಗೆ ಹೊರಟಿದ್ದೆವು. ಎರಡು ರೂಮು ಯಾಕೆ, ಒಂದೇ ಸಾಕು ಅಂದವನು ನಾನು. ಆ ಪಾಪ ನನ್ನ ತಲೆ ಮೇಲೇ ಇರಲಿ. ನಾವು ಹೋದಾಗ ರೂಮು ತಯಾರಿರಲಿಲ್ಲ. ಲಾಬಿಯ ಸೋಫಾದಲ್ಲಿ ಕೂತೆವು. ಅದು ಕೂತವರನ್ನು ನುಂಗುವ ಜಾತಿಯ ಸೋಫಾ. ಏಳಬೇಕಾದರೆ ಪಕ್ಕದವರು ಕೈ ಹಿಡಿದು ಎಳೆಯಬೇಕು. ಕೊನೆಗೆ ಕೌಂಟರಿನ ಹುಡುಗಿ ಕರೆದು, ಬಹುಮಾನ ಘೋಷಿಸುವ ದನಿಯಲ್ಲಿ, "ಸರ್, ನಿಮಗೆ ಫ್ರೀ ಅಪ್‌ಗ್ರೇಡ್ ಮಾಡಿದ್ದೇವೆ" ಅಂದಳು. ಭಾವ ನನ್ನ ಕಡೆ ತಿರುಗಿ ನೋಡಿದರು. ಪರವಾಗಿಲ್ಲ, ಬಾಮೈದ ಉಪಯೋಗಕ್ಕೆ ಬಂದ ಅನ್ನುವ ನೋಟ ಅದು. 22 ವರ್ಷದಲ್ಲಿ ಮೊದಲ ಸಲ.

ರೂಮು ನಿಜಕ್ಕೂ ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ. ಎರಡು ಮಂಚ. ಒಂದೊಂದರ ಮೇಲೂ ನಾಲ್ಕು ನಾಲ್ಕು ದಿಂಬು, ಅಂದರೆ ಎರಡು ತಲೆಗೆ ಎಂಟು. ಕಾಲ ಕಡೆ ಹಾಸಿಗೆಗೆ ಶಾಲು ಹೊದಿಸಿದ ಹಾಗೆ ಒಂದು ಉದ್ದನೆ ಬಟ್ಟೆ. ಹಾಸಿಗೆಗೂ ಸನ್ಮಾನ ಆಗುತ್ತದೆ ಅಂತ ಅವತ್ತು ಗೊತ್ತಾಯಿತು. ಹೊದಿಕೆಯನ್ನು ಮೂರು ಕಡೆಯಿಂದ ಎಷ್ಟು ಬಿಗಿಯಾಗಿ ಸಿಕ್ಕಿಸಿದ್ದರು ಅಂದರೆ, ಒಳಗೆ ಹೋದವನು ಲಕೋಟೆಯೊಳಗಿನ ಕಾಗದ. ಭಾವ ಬ್ಯಾಗ್ ಇಟ್ಟರು. ಶರ್ಟಿನ ಮೇಲಿನ ಗುಂಡಿ ಬಿಚ್ಚಿದರು. ಮುಖ ತೊಳೆದು ಬರ್ತೀನಿ ಅಂತ ಹೊರಟವರು ಅಲ್ಲೇ ನಿಂತುಬಿಟ್ಟರು.

"ಗೋಡೆ ಎಲ್ಲಯ್ಯಾ?" ಅಂದರು.

ಗೋಡೆ ಇತ್ತು. ಗಾಜಿನದು. ನೆಲದಿಂದ ಚಾವಣಿಯವರೆಗೆ. ಮಧ್ಯೆ ಮಾತ್ರ, ಮೊಣಕಾಲಿನಿಂದ ಎದೆಯವರೆಗೆ, ಮಬ್ಬು ಬಣ್ಣದ ಪಟ್ಟಿ. ಒಳಗೆ ನಿಂತವರ ತಲೆಯೂ ಕಾಣುತ್ತದೆ, ಪಾದವೂ ಕಾಣುತ್ತದೆ, ಮಧ್ಯದ್ದನ್ನು ನೋಡುವವರೇ ಊಹಿಸಿಕೊಳ್ಳಬೇಕು. ಬಾಗಿಲು ಅಂತ ಒಂದು ಹಲಗೆ ಇತ್ತು. ಅದು ಹಳಿ ಮೇಲೆ ಜಾರುತ್ತದೆ. ಪೂರ್ತಿ ಎಳೆದರೂ ಎರಡು ಬೆರಳು ಸಂದಿ ಉಳಿಯುತ್ತದೆ. ಚಿಲಕ ಇಲ್ಲ. ಚಿಲಕ ಇರಬೇಕಾದ ಜಾಗದಲ್ಲಿ ಹಿತ್ತಾಳೆಯ ಒಂದು ಚಂದದ ಹಿಡಿಕೆ, ಎರಡೂ ಕಡೆಯಿಂದ ಎಳೆಯುವುದಕ್ಕೆ ಅನುಕೂಲ ಆಗುವ ಹಾಗೆ.

ಇದನ್ನು ಮಾಡಿದವರ ಜಾಣತನಕ್ಕೆ ಕೈ ಮುಗಿಯಬೇಕು. ಗಾಜು ಹಾಕಿದರೆ ಕಿಟಕಿಯ ಬೆಳಕು ಬಾತ್‌ರೂಮಿಗೂ ಹೋಗುತ್ತದೆ. ಪುಟ್ಟ ರೂಮು ದೊಡ್ಡದಾಗಿ ಕಾಣುತ್ತದೆ, ಫೋಟೋದಲ್ಲಂತೂ ಅರಮನೆ. ಬಾಗಿಲು ತೆರೆದುಕೊಳ್ಳಲು ಜಾಗ ಬಿಡಬೇಕಾಗಿಲ್ಲ, ಆ ಜಾಗದಲ್ಲಿ ಇನ್ನೊಂದು ಕುರ್ಚಿ ಹಿಡಿಯುತ್ತದೆ. ಗೋಡೆ ಅಂದರೆ ಅಡ್ಡಿ, ಬಾಗಿಲು ಅಂದರೆ ಸಂಕುಚಿತ ಮನಸ್ಸು. ಎಲ್ಲವೂ ಮುಕ್ತ, ಎಲ್ಲವೂ ಪಾರದರ್ಶಕ. ಸರ್ಕಾರಿ ಕಚೇರಿಗಳಲ್ಲಿ ಪಾರದರ್ಶಕತೆ ಬೇಕು ಅಂತ ನಾವು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ! ದಾರಿ ತಪ್ಪಿ ಅದು ಇಲ್ಲಿಗೆ ಬಂದಿದೆ.

ಇದಕ್ಕೆ ಇತಿಹಾಸವೂ ಇದೆ. ಅಮೆರಿಕದ ಬಾಸ್ಟನ್ನಿನಲ್ಲಿ 1829ರಲ್ಲಿ ಟ್ರೆಮಾಂಟ್ ಹೌಸ್ ಅಂತ ಒಂದು ಹೋಟೆಲ್ ಶುರುವಾಯಿತು. ಆ ಕಾಲಕ್ಕೆ ಅದೊಂದು ವಿಸ್ಮಯ. ಪ್ರತಿ ರೂಮಿಗೂ ಬೀಗ, ಅತಿಥಿಗಳಿಗೆ ಪುಕ್ಕಟೆ ಸೋಪು, ಕಟ್ಟಡದೊಳಗೇ ಶೌಚಾಲಯ. ಎಂಟು ಶೌಚಾಲಯ, ಎಂಟೂ ನೆಲಮಹಡಿಯಲ್ಲಿ. ಮೇಲಿನ ಮಹಡಿಯವರು ಮೆಟ್ಟಿಲಿಳಿದು ಬರಬೇಕಿತ್ತು. ಆಮೇಲೆ 1898ರಲ್ಲಿ ಸೀಸರ್ ರಿಟ್ಜ್ ಪ್ಯಾರಿಸ್ಸಿನಲ್ಲಿ ತನ್ನ ಹೋಟೆಲ್ ತೆರೆದಾಗ ರೂಮಿಗೆ ಅಂಟಿಕೊಂಡೇ ಬಾತ್‌ರೂಮ್ ಕೊಟ್ಟ. ಅದು ದುಡ್ಡಿದ್ದವರ ಮಾತಾಯಿತು. 1908ರಲ್ಲಿ ಅಮೆರಿಕದ ಬಫಲೋ ಊರಿನಲ್ಲಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಅನ್ನುವವನು ಸಾಮಾನ್ಯ ಪ್ರಯಾಣಿಕನಿಗೂ ರೂಮಿಗೊಂದು ಬಾತ್‌ರೂಮ್ ಕೊಟ್ಟ. ಎರಡು ರೂಮಿನ ಬಾತ್‌ರೂಮನ್ನು ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿ, ಎರಡಕ್ಕೂ ಒಂದೇ ಕಡೆ ಕೊಳವೆ ಇಳಿಸಿದ. ಖರ್ಚು ಇಳಿಯಿತು. ಹೀಗೆ ಹೆಚ್ಚುಕಡಿಮೆ 80 ವರ್ಷ ತಲೆ ಕೆಡಿಸಿಕೊಂಡು ನೆಲಮಹಡಿಯ ಶೌಚಾಲಯವನ್ನು ಮಂಚದ ಪಕ್ಕಕ್ಕೆ ತಂದರು. ತಂದಮೇಲೆ ಈಗಿನವರು ಗೋಡೆ ಕಿತ್ತರು.

ಪರಿಣಾಮ ಏನಾಯಿತು ಅಂತ ಹೇಳುತ್ತೇನೆ ಕೇಳಿ.

ಮೊದಲ ದಿನ ಸಂಜೆ ಇಬ್ಬರೂ ಒಂದು ಮಾತೂ ಆಡದೆ ಒಪ್ಪಂದಕ್ಕೆ ಬಂದೆವು. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಕಿಟಕಿ ಹತ್ತಿರ ನಿಂತು ಊರು ನೋಡುವುದು. ನಾನು ಆ ಊರನ್ನು ಅಷ್ಟು ಗಮನವಿಟ್ಟು ಯಾವತ್ತೂ ನೋಡಿರಲಿಲ್ಲ. ಎದುರಿನ ಕಟ್ಟಡಕ್ಕೆ ಎಷ್ಟು ಕಿಟಕಿ ಅಂತ ಕೇಳಿ, ಈಗಲೂ ಹೇಳುತ್ತೇನೆ. ಸದ್ದಿನ ಸಮಸ್ಯೆಗೆ ಟಿವಿ ಇತ್ತು. ಭಾವ ಏಳುತ್ತಿದ್ದ ಹಾಗೇ ನಾನು ರಿಮೋಟ್ ಎತ್ತಿಕೊಂಡು ದನಿ ಜಾಸ್ತಿ ಮಾಡುತ್ತಿದ್ದೆ. ಯಾವುದೋ ದೇಶದ ಷೇರು ಪೇಟೆ ಬಿದ್ದ ಸುದ್ದಿಯನ್ನು ಇಡೀ ಮಹಡಿ ಕೇಳಿಸಿಕೊಂಡಿರಬೇಕು.

ರಾತ್ರಿಗೆ ಟಿವಿ ನಡೆಯುವುದಿಲ್ಲ. ರಾತ್ರಿಯದು ಬೇರೆಯೇ ಕತೆ. ಎರಡು ಗಂಟೆಗೆ ಭಾವ ಎದ್ದು ಒಳಗೆ ಲೈಟ್ ಹಾಕಿದರು. ರೂಮಿಗೆ ಬೆಳಗಾಯಿತು. ಗಾಜಿನ ಹಿಂದೆ ದೀಪ, ಮಬ್ಬು ಪಟ್ಟಿಯ ಮೇಲೆ ನೆರಳು. ಥೇಟ್ ತೊಗಲುಬೊಂಬೆ ಆಟ. ನಾನು ಎಂಟು ದಿಂಬಿನಲ್ಲಿ ಐದನ್ನು ಮುಖದ ಮೇಲೆ ಹಾಕಿಕೊಂಡೆ. ಅಷ್ಟು ದಿಂಬು ಯಾಕೆ ಕೊಡುತ್ತಾರೆ ಅನ್ನುವುದು ಆಗ ಅರ್ಥವಾಯಿತು.

ಲೈಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ರೂಮಿನಲ್ಲಿ 14 ಲೈಟು. ಎಣಿಸಿದ್ದೇನೆ. 13 ಆರಿದವು. ಮೂಲೆಯಲ್ಲಿ, ಪರದೆ ಹಿಂದೆ, ಹಳದಿ ಬಣ್ಣದ್ದು ಒಂದು ಆರಲಿಲ್ಲ. ಮಂಚದ ತಲೆ ಹತ್ತಿರದ ಸ್ವಿಚ್ ಒತ್ತಿದರೆ ಭಾವನ ಓದುವ ದೀಪ ಹತ್ತುತ್ತದೆ. ಭಾವನ ಕಡೆಯದು ಒತ್ತಿದರೆ ಹೊರಗೆ 'ತೊಂದರೆ ಕೊಡಬೇಡಿ' ಅಂತ ಕೆಂಪು ದೀಪ. ಬಾಗಿಲ ಹತ್ತಿರದ್ದು ಒತ್ತಿದರೆ ಎಲ್ಲವೂ ಆರುತ್ತದೆ, ಅದೊಂದು ಬಿಟ್ಟು. ಮೇಲೆ ಹೇಳಿದೆನಲ್ಲ ಸ್ಟ್ಯಾಟ್ಲರ್, ಅವನ ಹೋಟೆಲಿನಲ್ಲಿ ಬಾಗಿಲು ದಾಟಿದ ಕೂಡಲೇ ಕೈಗೆ ಸಿಗುವ ಹಾಗೆ ಲೈಟಿನ ಸ್ವಿಚ್ ಇತ್ತು. ಒಂದು ಬಾಗಿಲು, ಒಂದು ಸ್ವಿಚ್, ಕತ್ತಲಲ್ಲಿ ತಡಕಾಡುವ ಪ್ರಯಾಣಿಕ. ಅಷ್ಟನ್ನೇ ಯೋಚಿಸಿದ ಮನುಷ್ಯ. ಈಗಿನ ಸ್ವಿಚ್ ಹಲಗೆಯ ಮೇಲೆ ಚಂದ್ರ, ನಕ್ಷತ್ರ, ಎಲೆ, ಮತ್ತೆ ಏನೋ ಒಂದು ಸುರುಳಿ. ಓದು ಬಂದವನೂ ಅಲ್ಲಿ ಹೆಬ್ಬೆಟ್ಟು. ರಾತ್ರಿ ಹನ್ನೊಂದೂವರೆಗೆ ಭಾವ ಕುರ್ಚಿ ಹತ್ತಿ ಆ ಹಳದಿ ದೀಪಕ್ಕೆ ಟವೆಲ್ ಮುಚ್ಚಿದರು. ಬೆಂಕಿ ಹತ್ತೀತು ಅಂತ ನಾನು ತೆಗೆಸಿದೆ.

ಬೆಳಗಿನ ಜಾವ ಐದಕ್ಕೆ ಎಚ್ಚರವಾದಾಗ ಪಕ್ಕದ ಮಂಚ ಖಾಲಿ. ಗಾಜಿನೊಳಗೂ ಯಾರಿಲ್ಲ. ಗಾಬರಿಯಿಂದ ಕೆಳಗೆ ಹೋದೆ. ಲಾಬಿಯ ಮೂಲೆಯಲ್ಲಿ, ಹೊರಗಿನಿಂದ ಬರುವವರಿಗೆ ಅಂತ ಮಾಡಿದ ಶೌಚಾಲಯದ ಮುಂದೆ ಭಾವ ನಿಂತಿದ್ದರು. ಒಬ್ಬರೇ ಅಲ್ಲ. ಅವರ ಮುಂದೆ ಇಬ್ಬರು, ಹಿಂದೆ ಒಬ್ಬರು. ನಾಲ್ಕೂ ಜನರ ಕಾಲಲ್ಲಿ ಹೋಟೆಲಿನ ಬಿಳಿ ಚಪ್ಪಲಿ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಒಳಗಿನಿಂದ ಚಿಲಕ ಸರಿದ ಸದ್ದು ಕೇಳಿತು. ನಾಲ್ಕೂ ಜನ ಒಟ್ಟಿಗೆ ತಲೆ ಎತ್ತಿದರು. 1829ರ ಬಾಸ್ಟನ್ನಿನಲ್ಲಿ ಎಂಟು ಇದ್ದವು. ಇಲ್ಲಿ ಇದ್ದದ್ದು ಎರಡು. ನಾನೂ ಸಾಲಿನಲ್ಲಿ ನಿಂತೆ.

ಮಧ್ಯಾಹ್ನ ರೂಮಿಗೆ ಬಂದರೆ ಹಾಸಿಗೆಯ ಮೇಲೆ ಹಸಿರು ಎಲೆಯ ಚಿತ್ರದ ಕಾರ್ಡು. ಭೂಮಿತಾಯಿಯನ್ನು ಉಳಿಸಲು ಟವೆಲ್ ಇನ್ನೊಂದು ದಿನ ಬಳಸಿ ಅಂತ. ಇಂಥ ಕಾರ್ಡನ್ನು ನೋಡಿ ರೇಗಿದ ಜೇ ವೆಸ್ಟರ್ವೆಲ್ಡ್ ಅನ್ನುವ ಪರಿಸರವಾದಿಯೇ 1986ರಲ್ಲಿ 'ಗ್ರೀನ್‌ವಾಷಿಂಗ್' ಅನ್ನುವ ಪದ ಹುಟ್ಟಿಸಿದ್ದು. ಉಳಿಯುವುದು ಒಗೆಯುವ ಖರ್ಚು, ಹೆಸರು ಮಾತ್ರ ಭೂಮಿಯದ್ದು ಅನ್ನುವುದು ಅವನ ತಕರಾರು. ಇದರ ಮೇಲೆ ಅಧ್ಯಯನವೂ ನಡೆದಿದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭೂಮಿ ಉಳಿಸಿ ಅಂದರೆ ಜನ ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. 'ಇದೇ ರೂಮಿನಲ್ಲಿ ಇದ್ದು ಹೋದವರಲ್ಲಿ ಹೆಚ್ಚಿನವರು ಟವೆಲ್ ಮತ್ತೆ ಬಳಸಿದ್ದಾರೆ' ಅಂದರೆ ಜಾಸ್ತಿ ಜನ ಬಳಸುತ್ತಾರೆ. ಮನುಷ್ಯನಿಗೆ ಭೂಮಿಗಿಂತ ಹಿಂದಿನ ಗಿರಾಕಿ ಮುಖ್ಯ. ಭಾವ ಆ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹದಿನಾಲ್ಕನೇ ಲೈಟಿನ ವಿಷಯ ಭೂಮಿತಾಯಿಗೆ ಗೊತ್ತಾ?" ಅಂದರು.

ನಾನು ನಗುತ್ತಿರುವಾಗಲೇ ರೂಮು ಗುಡಿಸುವ ಹೆಂಗಸು ಬಂದಳು. ಬಂದವಳೇ ಗಾಜು ಒರೆಸಲು ಶುರು ಮಾಡಿದಳು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಮೇಲಿನ ತುದಿ ಎಟುಕದೆ ತೊಟ್ಟಿಯ ಅಂಚಿನ ಮೇಲೆ ಒಂದು ಕಾಲಿಟ್ಟು ನಿಂತಳು. ಒಳಗಿನ ಮೈ ಒರೆಸಿ ಹೊರಗೆ ಬಂದು ನೋಡುತ್ತಾಳೆ, ಬೆಳಕಿಗೆ ಒಂದು ಗೀರು ಕಾಣುತ್ತದೆ, ಮತ್ತೆ ಒಳಗೆ ಹೋಗುತ್ತಾಳೆ. ಹೀಗೆ ನಾಲ್ಕು ಸಲ. "ಹಾಸಿಗೆ ಮಾಡೋದಕ್ಕಿಂತ ಇದೇ ಹೊತ್ತಾಗುತ್ತೆ ಸಾರ್. ಒಂದು ಕಲೆ ಕಂಡ್ರೂ ಬೈತಾರೆ" ಅಂದಳು. ದೂರಿನ ದನಿ ಇರಲಿಲ್ಲ. ನಾವು ಕೇಳಿದ್ದಕ್ಕೆ ಹೇಳಿದಳು, ಅಷ್ಟೆ.

ನನಗೆ ಅಲ್ಲಿಂದ ಮುಂದೆ ತಮಾಷೆ ಮಾಡುವ ಹುರುಪು ಹೋಯಿತು. ಯಾರಿಗೆ ಬೇಕಾಗಿತ್ತು ಈ ಗಾಜು? ಒಳಗಿರುವವನಿಗೆ ನಾಚಿಕೆ, ಹೊರಗಿರುವವನಿಗೆ ಮುಜುಗರ, ಒರೆಸುವವಳಿಗೆ ಸೊಂಟ ನೋವು. ಬೇಕಾಗಿದ್ದು ಫೋಟೋಕ್ಕೆ, ಉಳಿತಾಯಕ್ಕೆ. ದಿನಾ ಕ್ಲೀನ್ ಮಾಡಿಸದಿದ್ದರೆ ನಿಮಗೆ ಪಾಯಿಂಟ್ ಕೊಡುತ್ತೇವೆ, ಅದು ಪರಿಸರ ಸ್ನೇಹಿ ಅನ್ನುವ ಯೋಜನೆಗಳೂ ಇವೆ. ಇದರಿಂದ ನಮ್ಮ ಕೆಲಸದ ಗಂಟೆ ಕಡಿಮೆಯಾಗಿದೆ, ದಿನಗಟ್ಟಲೆ ಮುಟ್ಟದೆ ಬಿಟ್ಟ ರೂಮು ತೊಳೆಯಲು ಇನ್ನೂ ಕಷ್ಟ ಅಂತ ಅಮೆರಿಕದ ಹೋಟೆಲ್ ಕೆಲಸಗಾರರ ಸಂಘದವರು ಬೀದಿಗೆ ಇಳಿದಿದ್ದರು. ಉಳಿದ ದುಡ್ಡು ಯಾವ ಕಾಡಿಗೆ ಹೋಯಿತೋ, ಯಾವ ನದಿಗೆ ಹೋಯಿತೋ. ಒಂದು ಮರದ ಬಾಗಿಲು, ಒಂದು ಚಿಲಕ. ಇಷ್ಟನ್ನು ಕೇಳಲು ಜನ ಅಭಿಯಾನ ಮಾಡಬೇಕಾ? ನಾಚಿಕೆ ಆಗಬೇಕು.

ಇರಲಿ. ಭಾವ ಅವಳಿಗೆ ಏನೋ ಕೊಡಲು ಹೋದರು. ಅವಳು ಮೊದಲು ನಮಗೊಂದು ಹಾಳೆ ಕೊಟ್ಟಳು. ನಮ್ಮ ಸೇವೆ ಹೇಗಿತ್ತು, ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ. "ಹತ್ತೇ ಹಾಕಿ ಸಾರ್" ಅಂದಳು.

ಈ ಸೊನ್ನೆಯಿಂದ ಹತ್ತರ ಲೆಕ್ಕ 2003ರಲ್ಲಿ ಫ್ರೆಡ್ ರೈಕ್‌ಹೆಲ್ಡ್ ಅನ್ನುವ ಸಲಹೆಗಾರ ಜನಪ್ರಿಯ ಮಾಡಿದ್ದು. ಒಂಬತ್ತು, ಹತ್ತು ಕೊಟ್ಟರೆ ಮೆಚ್ಚಿದವರು. ಏಳು, ಎಂಟು ಕೊಟ್ಟರೆ ಲೆಕ್ಕಕ್ಕೇ ಇಲ್ಲ. ಆರು ಕೊಟ್ಟರೆ ನಿಂದಕರು. ಅಂದರೆ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದರೂ ನಾವು ಬೈದ ಹಾಗೆ. ಭಾವ ನಿವೃತ್ತಿಗೆ ಹತ್ತಿರ ಬಂದ ಲೆಕ್ಕದ ಮೇಷ್ಟ್ರು. ಜೀವನದಲ್ಲಿ ಯಾರಿಗೂ ನೂರಕ್ಕೆ ನೂರು ಕೊಟ್ಟವರಲ್ಲ. ಕಾಲು ಗಂಟೆ ಯೋಚಿಸಿ ಸೇವೆಗೆ ಹತ್ತು ಹಾಕಿದರು. ಹಾಳೆಯ ಕೊನೆಯಲ್ಲಿ 'ಬೇರೆ ಸಲಹೆಗಳು' ಅಂತ ಎರಡು ಗೆರೆ ಇತ್ತು. ಅಲ್ಲಿ ನೀಟಾಗಿ ಬಾಗಿಲಿನ ಚಿತ್ರ ಬರೆದು, ಅಗಲ, ಎತ್ತರ ಗುರುತು ಮಾಡಿ, ಚಿಲಕದ ಜಾಗಕ್ಕೆ ಬಾಣ ಹಾಕಿದರು.

ಹೊರಡುವ ದಿನ ಕೌಂಟರಿನಲ್ಲಿ ಅದೇ ಹುಡುಗಿ. ಮುಂದಿನ ಸಲವೂ ಇದೇ ರೂಮು ಕೊಡಲಾ ಅಂತ ಕೇಳಿದಳು.

"ಇದಕ್ಕಿಂತ ಕಡಿಮೆದು ಇದೆಯಾ ತಾಯಿ?" ಅಂದರು ಭಾವ.

"ಇದೆ ಸರ್, ಆದ್ರೆ ಅದು ಹಳೇ ಬ್ಲಾಕು. ಅಲ್ಲಿ ಇನ್ನೂ ರಿನೋವೇಶನ್ ಆಗಿಲ್ಲ."

ಭಾವ ನನ್ನ ಕಡೆ ತಿರುಗಿ ನೋಡಿದರು. ಈ ಸಲದ ನೋಟ ಹಳೆಯ 22 ವರ್ಷದ್ದೇ.

ಊರು ತಲುಪಿ ಎರಡು ಗಂಟೆ ಆಗಿರಲಿಲ್ಲ, ಅಕ್ಕ ಫೋನ್ ಮಾಡಿದಳು. "ಏನೋ ಮಾಡಿದೆ ನಮ್ಮನೆಯವರಿಗೆ? ಬಂದವರು ಕಾಫಿನೂ ಕುಡೀಲಿಲ್ಲ. ಸೀದಾ ಬಚ್ಚಲಿಗೆ ಹೋದ್ರು. ಚಿಲಕ ಹಾಕ್ತಾರೆ, ತೆಗೀತಾರೆ, ಮತ್ತೆ ಹಾಕ್ತಾರೆ. ಬಾಗಿಲು ತಟ್ಟಿದ್ರೆ, 'ಇನ್ನೊಂದು ಸಲ ತಟ್ಟು' ಅಂತಿದಾರೆ."